ಹಕ್ಕಿಜ್ವರ ಕೋಳಿಗೂಡಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಮನುಷ್ಯರಿಗೆ ದಾಟದಂತೆ ತಡೆಯುವುದು ಹೇಗೆ?

ಎಚ್5ಎನ್1 ಎಂಬ ವೈರಸ್ ತರುವ ಹಕ್ಕಿಜ್ವರ ಕೋಳಿಗಳ ಕಾಯಿಲೆ ಎಂದೇ ಬಹುಕಾಲ ನಂಬಿದ್ದೆವು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ತಗುಲಿ 6 ಮಂದಿ ಸತ್ತಾಗಲೂ ಬೆರಳು ತೋರಿಸಿದ್ದು ಜೀವಂತ ಕೋಳಿ ಮಾರುವ ಸಂತೆಗಳ ಕಡೆಗೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್, ಕಾನ್ಸಾಸ್‌ಗಳ ಹಾಲಿನ ಹಸುಗಳಲ್ಲಿ ಇದೇ ವೈರಸ್ ಪತ್ತೆಯಾಯಿತು. ಹಸುವಿನಲ್ಲಿ ಅದು ಮುಖ್ಯವಾಗಿ ಬೆಳೆಯುವುದು ಕೆಚ್ಚಲಿನಲ್ಲಿ, ಹೊರಬರುವುದು ಹಾಲಿನಲ್ಲಿ. ಆದ್ದರಿಂದ ಕೋಳಿ, ದನ ಎರಡನ್ನೂ ಸಾಕುವವರು ಹಾಲು ಕರೆಯುವ ಜಾಗದ ಮೇಲೂ ಕಣ್ಣಿಡಬೇಕು.

ಗುರುತು ಹಿಡಿಯುವುದು

ಕೋಳಿಗಳಲ್ಲಿ ಲಕ್ಷಣ ಸಾಮಾನ್ಯವಾಗಿ ಎದ್ದು ಕಾಣುತ್ತದೆ: ಜುಟ್ಟು ನೀಲಿಗಟ್ಟುತ್ತದೆ, ತಲೆ ಊದಿಕೊಳ್ಳುತ್ತದೆ, ಮೊಟ್ಟೆ ನಿಲ್ಲುತ್ತದೆ, ಒಂದೆರಡು ದಿನದಲ್ಲಿ ಸಾಲುಸಾಲಾಗಿ ಸಾಯುತ್ತವೆ. ಬಾತುಕೋಳಿಯನ್ನು ಮಾತ್ರ ನಂಬುವಂತಿಲ್ಲ, ಆರಾಮಾಗಿ ಓಡಾಡುತ್ತಲೇ ಹಿಕ್ಕೆಯಲ್ಲಿ ವೈರಸ್ ಬಿಡುತ್ತಿರಬಹುದು.

ಹಸುಗಳಲ್ಲಿ ಲಕ್ಷಣ ಮಂಕು. ಮೇವು ಬಿಡುತ್ತವೆ, ಮೆಲುಕು ಕಡಿಮೆಯಾಗುತ್ತದೆ, ಹಾಲು ಇದ್ದಕ್ಕಿದ್ದಂತೆ ಇಳಿದು ಗಿಣ್ಣಿನಂತೆ ದಪ್ಪಗೆ, ಹಳದಿಯಾಗುತ್ತದೆ. ಹೆಚ್ಚಿನವು ಎರಡು ಮೂರು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಇದನ್ನು ಮಾಮೂಲಿ ಕೆಚ್ಚಲುಬಾವು ಎಂದುಕೊಂಡು ಆಂಟಿಬಯೋಟಿಕ್ ಕೊಡುತ್ತಾ ಕೂರುವುದೇ ಸಾಮಾನ್ಯ ತಪ್ಪು. ವೈರಸ್‌ಗೆ ಅದು ನಾಟುವುದಿಲ್ಲ, ಅಷ್ಟರಲ್ಲಿ ಸೋಂಕು ಪಕ್ಕದ ಹಸುಗಳಿಗೆ ಹೋಗಿರುತ್ತದೆ. ಪರೀಕ್ಷೆಗೆ ನಾಲ್ಕೂ ಮೊಲೆಗಳ ಹಾಲು ಕಳಿಸಿ, ಮೂಗಿನ ದ್ರವ ಒಂದನ್ನೇ ನೆಚ್ಚಬೇಡಿ. ಕೊಟ್ಟಿಗೆಯ ಬೆಕ್ಕುಗಳನ್ನೂ ಗಮನಿಸಿ. ಹಸಿ ಹಾಲು ಕುಡಿದ ಬೆಕ್ಕುಗಳು ತೂರಾಡಿ, ಕಣ್ಣು ಕಾಣದಂತಾಗಿ ಸಾಯುತ್ತಿದ್ದರೆ ಅದೇ ಮೊದಲ ಎಚ್ಚರಿಕೆ.

ಅನುಮಾನ ಬಂದ ಕೂಡಲೇ ಪಶುವೈದ್ಯರಿಗೆ ತಿಳಿಸಿ. ಫಲಿತಾಂಶ ಬರುವವರೆಗೆ ಪ್ರಾಣಿ, ಮೊಟ್ಟೆ, ಗೊಬ್ಬರ, ಪಾತ್ರೆ ಯಾವುದೂ ಹೊರಗೆ ಹೋಗಬಾರದು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ನೋಡಲಂತೂ ಹೋಗಲೇಬೇಡಿ.

ದಾರಿ ಕಡಿಯುವುದು

ಕಾಡುಹಕ್ಕಿ ಇಳಿಯುವ ಕೆರೆ, ಹೊಂಡದ ನೀರನ್ನು ಶುದ್ಧೀಕರಿಸದೆ ಕೋಳಿಗೂ ದನಕ್ಕೂ ಕೊಡಬೇಡಿ. ತಂಪಿನಲ್ಲಿ ಹಿಕ್ಕೆಯೊಳಗೆ ಈ ವೈರಸ್ ವಾರಗಟ್ಟಲೆ ಬದುಕುತ್ತದೆ. ಗೂಡಿಗೆ ಹಾಕುವ ಬಲೆಯ ಕಣ್ಣು 25 ಮಿಲಿಮೀಟರ್ ಮೀರದಿರಲಿ. ಕೋಳಿಗೂಡಿಗೆ ಒಂದು ಜೊತೆ ಬೂಟು, ಕೊಟ್ಟಿಗೆಗೆ ಇನ್ನೊಂದು. ಹಂದಿಗಳಿದ್ದರೆ ಕೋಳಿಯಿಂದ ದೂರವಿಡಿ: ಹಕ್ಕಿಯ ಫ್ಲೂ, ಮನುಷ್ಯರ ಫ್ಲೂ ಎರಡೂ ಒಂದೇ ಹಂದಿಗೆ ತಗುಲಿದರೆ ವಂಶವಾಹಿಗಳು ಬೆರೆತು ಹೊಸ ತಳಿ ಹುಟ್ಟಬಹುದು. ಹೊಸ ಹಸು ತಂದರೆ 30 ದಿನ ಬೇರೆ ಕಟ್ಟಿ.

ಹಾಲು ಕರೆಯುವಾಗ

ಹಸುವಿನಿಂದ ಹಸುವಿಗೆ ಸೋಂಕು ಹರಡುವುದು ಹೆಚ್ಚಾಗಿ ಇಲ್ಲೇ. ಯಂತ್ರದ ರಬ್ಬರ್, ಉಕ್ಕಿನ ಮೇಲೆ ಉಳಿದ ಹಾಲಿನಲ್ಲಿ ವೈರಸ್ ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ಆರೋಗ್ಯವಾಗಿರುವವನ್ನು ಮೊದಲು ಕರೆಯಿರಿ, ಅನುಮಾನದವನ್ನು ಕೊನೆಗೆ, ಸಾಧ್ಯವಾದರೆ ಬೇರೆ ಯಂತ್ರದಲ್ಲಿ. ಪ್ರತಿ ಹಸುವಿಗೆ ಬೇರೆ ಒರೆಸುವ ಬಟ್ಟೆ, ಕರೆದ ಮೇಲೆ ಮೊಲೆತೊಟ್ಟಿಗೆ ಅಯೋಡಿನ್ ದ್ರಾವಣ. ಒಂದು ಹಸುವಿನಿಂದ ಇನ್ನೊಂದಕ್ಕೆ ಹೋಗುವಾಗ ಕೈಗವಸನ್ನೂ ತೊಳೆಯಬೇಕು.

ರೋಗದ ಹಸುವಿನ ಹಾಲನ್ನು ಕರುವಿಗಾಗಲಿ ಬೆಕ್ಕಿಗಾಗಲಿ ಹಾಕಬೇಡಿ, ಮೋರಿಗೂ ಹಾಗೇ ಚೆಲ್ಲಬೇಡಿ. ಮೊದಲು ಕಾಯಿಸಿ. 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡ್ ಇಟ್ಟರೆ ವೈರಸ್ ಸಾಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಉಕ್ಕಿಸಿಬಿಡಿ. ಫ್ರಿಜ್‌ನಲ್ಲಿ ಇಟ್ಟರೆ ಸಾಯುತ್ತದೆ ಎಂಬುದು ಸುಳ್ಳು, ತಣ್ಣಗಿನ ಹಸಿ ಹಾಲಿನಲ್ಲಿ ಅದು ವಾರಗಳವರೆಗೆ ಉಳಿಯುತ್ತದೆ. ಕೋಳಿಮಾಂಸ ಒಳಗಿನವರೆಗೂ 74 ಡಿಗ್ರಿ ಮುಟ್ಟಲಿ, ಮೊಟ್ಟೆಯ ಹಳದಿ ಗಟ್ಟಿಯಾಗಲಿ.

ಮೈಮೇಲಿನ ರಕ್ಷಣೆ

ಎನ್95 ಮಾಸ್ಕ್, ಕೈಗವಸು, ಮೈಮುಚ್ಚುವ ಅಂಗಿ, ಏಪ್ರನ್, ರಬ್ಬರ್ ಬೂಟು ಇವನ್ನು ಎಲ್ಲರೂ ನೆನಪಿಡುತ್ತಾರೆ, ಕಣ್ಣನ್ನು ಮರೆಯುತ್ತಾರೆ. ಹಸುವಿನಿಂದ ಸೋಂಕು ಪಡೆದ ಕೆಲಸಗಾರರಲ್ಲಿ ಎದ್ದು ಕಂಡ ಲಕ್ಷಣ ಕಣ್ಣು ಕೆಂಪಾಗುವುದೇ. ಹಾಲು ಸಿಡಿದ ಕೈ ಕಣ್ಣಿಗೆ ಹೋದರೆ ಸಾಕು. ಹಾಗಾಗಿ ಮುಖಕ್ಕೆ ಒತ್ತಿ ಕೂರುವ ಗಾಗಲ್ ಬೇಕು, ಸಾಮಾನ್ಯ ಕನ್ನಡಕ ಸಾಲದು.

ತೆಗೆಯುವಾಗಲೇ ಎಡವುವುದು. ಬೂಟು, ಏಪ್ರನ್ ತೊಳೆದು ಕಳಚಿ, ನಂತರ ಮೈಯಂಗಿ, ಕೈಗವಸು. ಕೈ ತೊಳೆದ ಮೇಲೆ ಗಾಗಲ್, ಕಟ್ಟಕಡೆಗೆ ಮಾಸ್ಕ್, ಮತ್ತೆ ಸೋಪು ಹಾಕಿ ಕೈ ತೊಳೆಯಿರಿ. ಸೆಖೆ ಎಂದು ಮಾಸ್ಕನ್ನೇ ಮೊದಲು ಕಿತ್ತರೆ ಅಷ್ಟು ಹೊತ್ತು ತೊಟ್ಟದ್ದು ವ್ಯರ್ಥ.

ಶುದ್ಧೀಕರಣ

5 ಶೇಕಡಾ ಬ್ಲೀಚ್ ದ್ರಾವಣ 1 ಭಾಗಕ್ಕೆ ನೀರು 9 ಭಾಗ, ಹಚ್ಚಿ 10 ನಿಮಿಷ ಒದ್ದೆಯಾಗಿಯೇ ಇರಲಿ. ಅದಕ್ಕೂ ಮುನ್ನ ಸೋಪುನೀರಿನಲ್ಲಿ ಉಜ್ಜಬೇಕು, ಯಾಕೆಂದರೆ ಸಗಣಿ, ಹಿಕ್ಕೆ, ಹಾಲು ಕ್ಲೋರಿನ್ನನ್ನು ತಿಂದುಹಾಕುತ್ತವೆ. ಬಾಗಿಲ ಬಳಿಯ ಔಷಧಿ ತೊಟ್ಟಿಯಲ್ಲಿ ಕೆಸರು ಬೂಟು ಅದ್ದಿ ನಡೆಯುವುದು ಬರೀ ಶಾಸ್ತ್ರಕ್ಕೆ. ಬ್ಲೀಚ್ ಜೊತೆ ಆಮ್ಲ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಒಣ ಹಿಕ್ಕೆ ಗುಡಿಸುವುದು, ಜೋರು ಪೈಪಿನ ನೀರು ಬಿಡುವುದು ಎರಡೂ ವೈರಸ್ಸನ್ನು ಗಾಳಿಗೆ ಎಬ್ಬಿಸುತ್ತವೆ. ಮೊದಲು ನೆನೆಸಿ, ಆಮೇಲೆ ಕೆರೆದು ತೆಗೆಯಿರಿ.

ಸಂಪರ್ಕವಾದ ಮೇಲೆ

ರೋಗದ ಪ್ರಾಣಿಯನ್ನು ಕೊನೆಯ ಬಾರಿ ಮುಟ್ಟಿದ ದಿನದಿಂದ 10 ದಿನ ಜ್ವರ, ಕೆಮ್ಮು, ಗಂಟಲುನೋವು, ಕಣ್ಣುರಿ ಇದೆಯೇ ನೋಡುತ್ತಿರಿ. ಕಂಡರೆ ಮನೆಯವರಿಂದ ದೂರವಿದ್ದು ಅದೇ ದಿನ ವೈದ್ಯರನ್ನು ಕಾಣಿ. ಫ್ಲೂ ವೈರಸ್‌ಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಗುಣ. ವಯಸ್ಕರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 5 ದಿನ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಬೇರೆ, ಅದನ್ನು ವೈದ್ಯರೇ ಹೇಳಬೇಕು. ಹೊರಡುವ ಮೊದಲೇ ಫೋನ್ ಮಾಡಿ ಯಾವ ಪ್ರಾಣಿ, ಯಾವ ದಿನ, ಹಾಲೋ ಹಿಕ್ಕೆಯೋ ಎಂದು ತಿಳಿಸಿ. ಕಣ್ಣು ಕೆಂಪಾಗಿದ್ದರೆ ಮೂಗು, ಗಂಟಲಿನ ಜೊತೆ ಕಣ್ಣಿನ ಮಾದರಿಯನ್ನೂ ತೆಗೆಯಲು ಕೇಳಿಕೊಳ್ಳಿ.