14 ದಿನದ ಗುರುತು: ಪಕ್ಷೇತರನಾಗಿ ನಿಂತ ನನ್ನ ಅನುಭವ

"ಇವರನ್ನ ನೋಡಿ ನೋಡಿ ಸಾಕಾಗಿದೆ, ಹೊಸಬರು ಯಾರಾದ್ರೂ ಬರಲಿ." ನಮ್ಮೂರ ಹೋಟೆಲಿನಲ್ಲಿ ಈ ಮಾತು ಕೇಳದ ದಿನವಿರಲಿಲ್ಲ. ನಮ್ಮ ಕ್ಷೇತ್ರದಲ್ಲಿ ಪಕ್ಷ ಬದಲಾದರೂ ಮುಖ ಬದಲಾಗುತ್ತಿರಲಿಲ್ಲ. ಆ ಮಾತನ್ನು ನಂಬಿ 2023ರ ವಿಧಾನಸಭಾ ಚುನಾವಣೆಗೆ ನಿಂತೆ.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಹತ್ತು ಜನ ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಬೆನ್ನು ತಟ್ಟಿದವರಲ್ಲೇ ಮೂವರು ಸಹಿ ಹಾಕಲು ಹಿಂಜರಿದರು. ಒಬ್ಬರ ಗಂಗಾ ಕಲ್ಯಾಣ ಬೋರ್‌ವೆಲ್ ಅರ್ಜಿ ಬಾಕಿ ಇತ್ತು. ಆ ಪಟ್ಟಿ ಆಗುವುದು ಶಾಸಕರ ಸಮಿತಿಯಲ್ಲಿ. ನನಗೆ ಕೋಪ ಬರಲಿಲ್ಲ. ಬೈಗುಳ ಗಾಳಿಯಲ್ಲಿ ಹೋಗುತ್ತದೆ, ಸಹಿ ಕಾಗದದ ಮೇಲೆ ಉಳಿಯುತ್ತದೆ, ಅಲ್ವಾ?

10,000 ರೂಪಾಯಿ ಠೇವಣಿ, ಒಂದು ಕಾಲಮ್ಮೂ ಖಾಲಿ ಬಿಡದ ಪ್ರಮಾಣಪತ್ರ (ಅಫಿಡವಿಟ್), ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆ. ಇವೆಲ್ಲ ಕೂತು ಮಾಡಿದರೆ ಮುಗಿಯುತ್ತವೆ. ಕಷ್ಟ ಇದ್ದದ್ದು ಚುನಾವಣಾ ಗುರುತಿನದು.

ನಾಮಪತ್ರ ವಾಪಸ್ ಪಡೆಯಲು ಏಪ್ರಿಲ್ 24 ಕೊನೆಯ ದಿನ. ಅದು ಮುಗಿದ ಮೇಲೇ ನಮಗೆ ಗುರುತು. ಮೇ 10ಕ್ಕೆ ಮತದಾನ, 8ರ ಸಂಜೆಗೆ ಬಹಿರಂಗ ಪ್ರಚಾರ ಬಂದ್. ಸಿಕ್ಕಿದ್ದು 14 ದಿನ. ಕರಪತ್ರ ಅಚ್ಚಾಗಿ ಬರುವುದಕ್ಕೇ ಎರಡು ದಿನ ಹೋಯಿತು. ಮತಯಂತ್ರದಲ್ಲೂ ಪಕ್ಷಗಳವರ ಹೆಸರು ಮೊದಲು, ಪಕ್ಷೇತರರದ್ದು ಕೊನೆಗೆ. ಓದಲು ಬಾರದ ಅಜ್ಜಿಯೊಬ್ಬರು, "ಮೇಲಿಂದ ಎಷ್ಟನೇದಪ್ಪಾ ನಿಂದು?" ಎಂದು ಬೆರಳು ಮಡಚಿ ಎಣಿಸಿಕೊಂಡರು. ಅವತ್ತಿನಿಂದ ಭಾಷಣ ಕಡಿಮೆ ಮಾಡಿದೆ. ಮತಯಂತ್ರದ ಮಾದರಿಯನ್ನು ರಟ್ಟಿನ ಮೇಲೆ ಬರೆಸಿ ಮನೆಮನೆಗೆ ಒಯ್ದೆ. ಪಕ್ಷೇತರರಾಗಿ ನಿಲ್ಲುವವರು ಇದನ್ನು ಮೊದಲ ದಿನವೇ ಮಾಡಿ.

ಆದರೆ ಸೋಲಿಗೆ ಗುರುತೊಂದೇ ಕಾರಣವಲ್ಲ. ಒಬ್ಬ ಹೆಣ್ಣುಮಗಳು ಕೇಳಿದ್ದು ಈಗಲೂ ಕಿವಿಯಲ್ಲಿದೆ: "ಅಣ್ಣಾ, ರಾತ್ರಿ ಹನ್ನೊಂದು ಗಂಟೇಲಿ ಆಸ್ಪತ್ರೇಲಿ ಬೆಡ್ ಇಲ್ಲ ಅಂದ್ರೆ, ನೀವು ಫೋನ್ ಮಾಡಿದ್ರೆ ಕೇಳ್ತಾರಾ?" ನನ್ನ ಬಳಿ ಉತ್ತರವಿರಲಿಲ್ಲ. ಹಳೆಯ ರಾಜಕಾರಣಿಯನ್ನು ಜಾಸ್ತಿ ಬೈಯುವವರ ಮೊಬೈಲಿನಲ್ಲೂ ಅವರ ನಂಬರ್ ಇರುತ್ತದೆ. ಜನರದ್ದು ತಪ್ಪಲ್ಲ. ಕಷ್ಟಕಾಲಕ್ಕೆ ಯಾರು ಸಿಗುತ್ತಾರೋ ಅವರನ್ನೇ ಹಿಡಿಯಬೇಕು.

ಆ ಸಲ 224 ಕ್ಷೇತ್ರಗಳಲ್ಲಿ ಗೆದ್ದ ಪಕ್ಷೇತರರು ಇಬ್ಬರೇ. ಗೌರಿಬಿದನೂರಿನಲ್ಲಿ ಪುಟ್ಟಸ್ವಾಮಿ ಗೌಡ, ಹರಪನಹಳ್ಳಿಯಲ್ಲಿ ಲತಾ ಮಲ್ಲಿಕಾರ್ಜುನ್. ಲತಾ ಅವರು ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಮಗಳು. ಮೇಲುಕೋಟೆಯ ದರ್ಶನ್ ಪುಟ್ಟಣ್ಣಯ್ಯ ಅಮೆರಿಕದಿಂದ ಬಂದವರು, 2018ರಲ್ಲಿ ಸೋತು 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು. ಅವರ ಹಿಂದೆ ತಂದೆ ಕಟ್ಟಿ ಬೆಳೆಸಿದ ರೈತ ಚಳವಳಿ ಇತ್ತು. ಸುಮ್ನೆ ಹೊಸಬ ಅನ್ನುವುದೊಂದೇ ಬಲವಾಗಿದ್ದ ನನ್ನಂಥವರಿಗೆ ಠೇವಣಿಯೂ ಉಳಿಯಲಿಲ್ಲ. ಅದು ಉಳಿಯಲು ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರಬೇಕು.

ಈಗ ಪ್ರತಿ ಸಂತೆ ದಿನ ನಾಡಕಚೇರಿಯ ಪಕ್ಕ ಕೂರುತ್ತೇನೆ. ಪಿಂಚಣಿ, ರೇಷನ್ ಕಾರ್ಡ್, ಪಹಣಿ ತಿದ್ದುಪಡಿ, ಏನೇ ಇದ್ದರೂ ಅರ್ಜಿ ಬರೆದುಕೊಡುತ್ತೇನೆ. ಹಣ ತೆಗೆದುಕೊಳ್ಳುವುದಿಲ್ಲ. ಕಳೆದ ವಾರ ಆ ಬೋರ್‌ವೆಲ್ ಅರ್ಜಿಯವರೇ ಬಂದಿದ್ದರು. ಅವರ ತಾಯಿಯ ಸಂಧ್ಯಾ ಸುರಕ್ಷಾ ಹಣ ಮೂರು ತಿಂಗಳಿಂದ ನಿಂತಿತ್ತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಜೊತೆಗೇ ಹೋಗಿ ಮಾಡಿಸಿ ಬಂದೆ.