14ನೇ ತಿಂಗಳಿಗೆ ಕಿತ್ತು ಬಂದ ಲ್ಯಾಪ್‌ಟಾಪ್ ಹಿಂಜ್, ನಾನು ಸರಿ ಮಾಡ್ಕೊಂಡ ಕಥೆ

ವಾರಂಟಿ 1 ವರ್ಷ, ಹಿಂಜ್ (ಸ್ಕ್ರೀನನ್ನ ಕೆಳಗಿನ ಬಾಡಿಗೆ ಜೋಡಿಸೋ ಕೀಲು) ಕಿತ್ತು ಬಂದಿದ್ದು 14ನೇ ತಿಂಗಳಿಗೆ. ಬೀಳಿಸಿಲ್ಲ, ಮೇಲೆ ಕೂತಿಲ್ಲ, ದಿನಾ ತೆಗೆದು ಮುಚ್ಚಿದ್ದು ಅಷ್ಟೇ. ಒಂದಿನ ಬೆಳಗ್ಗೆ ಸ್ಕ್ರೀನ್ ಎತ್ತಿದ್ರೆ 'ಟಕ್' ಅಂತು, ನೋಡ್ತೀನಿ, ಎಡಗಡೆ ಮೂಲೇಲಿ ಕೆಳಗಿನ ಬಾಡಿ ಬಾಯಿ ಬಿಟ್ಕೊಂಡಿದೆ. ಸರ್ವಿಸ್‌ನೋರು ಇದು ಫಿಸಿಕಲ್ ಡ್ಯಾಮೇಜ್, ಪೂರ್ತಿ ಪ್ಯಾನೆಲ್ ಚೇಂಜ್ ಮಾಡ್ಬೇಕು ಅಂದ್ರು, ಅಂದ್ರೆ ತಪ್ಪು ನಂದೇ!

ಸರಿ, ನಾನೇ ಬಿಚ್ಚಿದೆ. ಒಳಗೆ ನೋಡಿದ್ಮೇಲೆ ತಲೆ ಕೆಟ್ಟೋಯ್ತು. ಹಿಂಜ್ ಏನೋ ಗಟ್ಟಿ ಉಕ್ಕಿಂದೇ, ಆದ್ರೆ ಅದನ್ನ ಹಿಡ್ಕೊಂಡಿರೋದು 3 ಸಣ್ಣ ಸ್ಕ್ರೂ, ಆ ಸ್ಕ್ರೂ ಕೂತಿರೋದು ಕಡಲೆಕಾಳಿಗಿಂತ ಚಿಕ್ಕ ಹಿತ್ತಾಳೆ ನಟ್‌ನಲ್ಲಿ, ಆ ನಟ್ ಸಿಕ್ಕಿಸಿರೋದು ಬರೀ ಪ್ಲಾಸ್ಟಿಕ್ ಕಂಬದೊಳಗೆ. ಪ್ರತಿ ಸಲ ಸ್ಕ್ರೀನ್ ಎತ್ತಿದಾಗ್ಲೂ ಜಗ್ಗಾಟ ಎಲ್ಲಾ ಆ ಪ್ಲಾಸ್ಟಿಕ್ ಮೇಲೆ. 3ರಲ್ಲಿ 2 ಕಂಬ ಬುಡಸಮೇತ ಕಿತ್ತು ಸ್ಕ್ರೂ ತುದೀಲಿ ನೇತಾಡ್ತಿದ್ವು.

ಮೊದಲ್ನೇ ಸಲ ಅರ್ಜೆಂಟಲ್ಲಿ ಸೂಪರ್ ಗ್ಲೂ ಹಾಕಿ ಅಂಟಿಸಿದೆ, 3 ದಿನಕ್ಕೆ ಮತ್ತೆ ಟಕ್. ಅದು ಒಣಗಿದ್ಮೇಲೆ ಪೆಡಸು, ಜಗ್ಗಿದ್ರೆ ಬಿಟ್ಕೊಳತ್ತೆ. ಎರಡನೇ ಸಲ ಬ್ಯಾಟರಿ ಕನೆಕ್ಟರ್ ತೆಗೆದು, ಹಳೇ ಅಂಟೆಲ್ಲ ಕೆರೆದು, ಪ್ಲಾಸ್ಟಿಕ್ಕನ್ನ ಉಪ್ಪುಕಾಗದದಲ್ಲಿ ಒರಟು ಮಾಡಿ, ಸ್ಪಿರಿಟ್‌ನಲ್ಲಿ ಒರೆಸಿ, ಎರಡು ಟ್ಯೂಬ್ ಕಲಸೋ ಎಪಾಕ್ಸಿ ಅಂಟು ಹಾಕಿ ಕಂಬದ ಸುತ್ತ ದಿಬ್ಬ ಕಟ್ಟಿದೆ. ನಟ್ ಒಳಗೆ ಅಂಟು ಇಳೀದಂಗೆ ಸ್ಕ್ರೂಗೆ ಚೂರು ಗ್ರೀಸ್ ಸವರಿ ಮೊದ್ಲೇ ತಿರುಗಿಸಿಟ್ಟಿದ್ದೆ (ಇದು ಮರೆತ್ರೆ ಮುಂದೆ ಆ ಸ್ಕ್ರೂ ಬಿಚ್ಚೋ ಆಸೆ ಬಿಡಿ). 24 ಗಂಟೆ ಮುಟ್ಲಿಲ್ಲ.

ಆದ್ರೆ ಅಂಟಿಗಿಂತ ಮುಖ್ಯ ಇನ್ನೊಂದಿತ್ತು. ಹಿಂಜ್ ವಿಪರೀತ ಬಿಗಿ, ಬಿಚ್ಚಿ ಕೈಲಿ ಹಿಡಿದ್ರೂ ತಿರುಗಿಸೋಕಾಗ್ತಿರ್ಲಿಲ್ಲ, ಇಷ್ಟು ಬಿಗಿ ಇದ್ರೆ ಯಾವ ಅಂಟು ತಾನೇ ನಿಲ್ಲತ್ತೆ? ಅದರ ತುದೀಲಿರೋ ನಟ್‌ನ ಕಾಲು ಸುತ್ತು, ನೋಡ್ಕೊಂಡು ಇನ್ನೊಂದು ಕಾಲು ಸುತ್ತು ಸಡಿಲ ಮಾಡಿ, ಸ್ಕ್ರೀನ್ ಇಟ್ಟಲ್ಲೇ ನಿಲ್ಲೋವಷ್ಟು ಮಾತ್ರ ಬಿಗಿ ಉಳಿಸ್ಕೊಂಡೆ. ಬಲಗಡೇದು ಇನ್ನೂ ಮುರಿದಿರ್ಲಿಲ್ಲ, ಆದ್ರೂ ಅದನ್ನೂ ಸಡಿಲ ಮಾಡಿದೆ. ಡಿಸ್‌ಪ್ಲೇ ಕೇಬಲ್ ಹಿಂಜ್ ಪಕ್ಕದಲ್ಲೇ ಹೋಗಿತ್ತು, ಅದು ಸಿಕ್ಕಾಕೊಳ್ದೇ ಇರೋ ಹಾಗೆ ನೋಡಿ ಮುಚ್ಚಿದೆ.

2 ವರ್ಷ ಆಯ್ತು, ಗಟ್ಟಿಯಾಗಿದೆ. ಈಗ ಸ್ಕ್ರೀನ್‌ನ ಮೂಲೆ ಹಿಡಿದು ಎತ್ತಲ್ಲ, ಮಧ್ಯ ಹಿಡಿದೇ ಎತ್ತೋದು. ಎಪಾಕ್ಸಿ ದಿಬ್ಬ ಜಾಸ್ತಿ ಆಗಿ ಕೆಳಗಿನ ಮುಚ್ಚಳ ಒಂಚೂರು ಉಬ್ಬಿದೆ, ಮೂಲೇ ಸ್ಕ್ರೂ ಒಂದು ಕೂರ್ತಾನೇ ಇಲ್ಲ, ಅದನ್ನ ಡ್ರಾಯರಲ್ಲಿ ಹಾಕಿಟ್ಟಿದೀನಿ.