ಒತ್ತಕ್ಷರಕ್ಕೆ ಜಾಗ ಬಿಡಿ: ಕನ್ನಡ ಪತ್ರಿಕೆಯ ಪುಟ ಕಟ್ಟುವುದು ಹೇಗೆ

ಕೆಲವು ವರ್ಷಗಳ ಹಿಂದೆ ಒಂದು ಸಂಘದ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ಮಾಡಿಕೊಟ್ಟಿದ್ದೆ. ಸಮಯ ಕಡಿಮೆಯಿತ್ತು. ಇಂಗ್ಲಿಷ್ ಪತ್ರಿಕೆಗೆಂದು ತಯಾರಾದ ಟೆಂಪ್ಲೇಟ್ ಒಂದನ್ನು ಇಳಿಸಿಕೊಂಡು ಅದರೊಳಗೆ ಕನ್ನಡ ತುಂಬಿದೆ. ಬಿಡುಗಡೆಯ ದಿನ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಮೂರನೇ ಪುಟದ ಶೀರ್ಷಿಕೆಯ ಮೇಲೆ ಬೆರಳಿಟ್ಟರು. ‘ನಮ್ಮ ಸಂಸ್ಥಾಪಕರು’ ಎಂದಿರಬೇಕಾದಲ್ಲಿ ಥಕಾರದ ಒತ್ತು ಕೆಳಗಿನ ಫೋಟೊದ ಅಡಿಗೆ ಹೋಗಿ ‘ಸಂಸಾಪಕರು’ ಎಂದಾಗಿತ್ತು. ಅವರೇನೂ ಬೈಯಲಿಲ್ಲ. ಪುಟ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ಅಂದಿನಿಂದ ನಾನು ಟೆಂಪ್ಲೇಟಿನಿಂದ ಪುಟ ಶುರುಮಾಡುವುದನ್ನೇ ಬಿಟ್ಟೆ.

ಶಾಲೆಯ ವಾರ್ಷಿಕ ಸಂಚಿಕೆ, ಕನ್ನಡ ಸಂಘದ ಮಾಸಪತ್ರಿಕೆ, ಊರಹಬ್ಬದ ವಿಶೇಷಾಂಕ, ಯಾವುದನ್ನೇ ತರುವವರಿದ್ದರೂ ಈ ಕ್ರಮದಲ್ಲಿ ಮಾಡಿ ನೋಡಿ.

ಕಂಪ್ಯೂಟರ್ ತೆರೆಯುವ ಮೊದಲು ಹಾಳೆ ಮಡಚಿ

ಗಾತ್ರ ಮೊದಲೇ ನಿಗದಿಯಾಗಲಿ. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ ‘ಕಸ್ತೂರಿ’ ಕೈಯಲ್ಲಿ ಹಿಡಿದು ಓದುವ ಪುಸ್ತಕದ ಗಾತ್ರ ಆರಿಸಿಕೊಂಡಿತು. 1965ರಲ್ಲಿ ಬಂದ ವಾರಪತ್ರಿಕೆ ‘ಸುಧಾ’ ದೊಡ್ಡ ಪುಟದ್ದು. ದೀರ್ಘ ಬರಹ ಹೆಚ್ಚಿದ್ದರೆ ಚಿಕ್ಕದು, ಚಿತ್ರ ಹೆಚ್ಚಿದ್ದರೆ ದೊಡ್ಡದು ಒಗ್ಗುತ್ತದೆ. ಎ4 (210 × 297 ಮಿ.ಮೀ.) ಎಲ್ಲ ಮುದ್ರಣಾಲಯಗಳಿಗೂ ಸಲೀಸು.

ನಡುವೆ ಪಿನ್ ಹೊಡೆಯುವ ಪತ್ರಿಕೆಯಾದರೆ ಪುಟಗಳ ಸಂಖ್ಯೆ 4ರಿಂದ ಭಾಗವಾಗಬೇಕು. ನಾಲ್ಕು ಖಾಲಿ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಮಡಚಿ, 1ರಿಂದ 16ರವರೆಗೆ ಪುಟಸಂಖ್ಯೆ ಬರೆಯಿರಿ. ಇದೇ ಡಮ್ಮಿ. ಈಗ ಬಿಡಿಸಿ ನೋಡಿ: ಒಂದೇ ಬದಿಯಲ್ಲಿ ಅಕ್ಕಪಕ್ಕ ಇರುವ ಎರಡು ಪುಟಗಳನ್ನು ಕೂಡಿದರೆ ಯಾವಾಗಲೂ 17. ಒಂದರ ಜೋಡಿ 16, ಎಂಟರ ಜೋಡಿ 9. ನಡುಹಾಳೆಯಲ್ಲಿ ಇರುವುದು 7, 8, 9, 10. ಹಣ ಕಡಿಮೆಯಿದ್ದು ಒಂದೇ ಹಾಳೆಗೆ ಬಣ್ಣ ಹಾಕಿಸುವುದಾದರೆ ಫೋಟೊಗಳನ್ನೆಲ್ಲ ಆ ನಾಲ್ಕು ಪುಟಗಳಿಗೇ ತನ್ನಿ. ಯಾವ ಲೇಖನ ಎಲ್ಲಿ, ಜಾಹೀರಾತು ಎಲ್ಲಿ ಎಂಬುದನ್ನೂ ಡಮ್ಮಿಯಲ್ಲೇ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಎರಡು ಭಾರವಾದ ಲೇಖನಗಳು ಬೆನ್ನು ಬೆನ್ನಿಗೆ ಬಂದಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಕಾಲಂ ಎಷ್ಟು?

ಎ4 ಪುಟಕ್ಕೆ ಒಳಗೆ 20 ಮಿ.ಮೀ., ಹೊರಗೆ 15 ಮಿ.ಮೀ. ಅಂಚು ಬಿಟ್ಟರೆ ಉಳಿಯುವುದು 175 ಮಿ.ಮೀ. ಅಗಲ. ನಡುವೆ 5 ಮಿ.ಮೀ. ಬಿಟ್ಟು ಎರಡು ಕಾಲಂ ಮಾಡಿದರೆ ಒಂದೊಂದೂ 85, ಮೂರು ಮಾಡಿದರೆ 55. ಇಂಗ್ಲಿಷಿಗೆ ಮೂರು ನಡೆಯುತ್ತದೆ. ಕನ್ನಡಕ್ಕೆ ನಾನು ಎರಡನ್ನೇ ಹೇಳುತ್ತೇನೆ. ನಮ್ಮಲ್ಲಿ ಪ್ರತ್ಯಯ, ಸಂಧಿ ಎಲ್ಲ ಸೇರಿ ಪದ ಉದ್ದವಾಗುತ್ತದೆ. ‘ಮಾಡಬೇಕಾಗಿರುವುದರಿಂದ’ ಎಂಬ ಒಂದೇ ಪದ 55 ಮಿ.ಮೀ. ಸಾಲಿನ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ಅಂಥ ಕಾಲಮ್ಮಿನಲ್ಲಿ ಎರಡೂ ಬದಿ ಸಮ ಮಾಡಿದರೆ ಪದಗಳ ನಡುವೆ ಹಲ್ಲು ಬಿದ್ದಂತೆ ಸಂದು ಕಾಣುತ್ತದೆ. ಮೂರು ಕಾಲಂ ಬೇಕೇ ಬೇಕೆಂದರೆ ಎಡಬದಿ ಮಾತ್ರ ಸಮವಿರಲಿ.

ಅಕ್ಷರ: ಇಲ್ಲಿ ಅವಸರ ಬೇಡ

1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಬೇಕಾದದ್ದು ಕೈಬರಹ. ಕೈಯಲ್ಲಿ ಬರೆಯುವವನು ಒತ್ತಕ್ಷರ ಬಂದಲ್ಲಿ ತಾನಾಗಿಯೇ ಕೆಳಗೆ ಜಾಗ ಬಿಡುತ್ತಾನೆ. ಸಾಫ್ಟ್‌ವೇರ್ ಬಿಡುವುದಿಲ್ಲ, ನಾವು ಹೇಳಬೇಕು.

ಪರೀಕ್ಷೆ ಸುಲಭ. ಒಂದು ಸಾಲಿನಲ್ಲಿ ‘ರಾಷ್ಟ್ರ, ಸ್ತ್ರೀ, ಶಾಸ್ತ್ರ’ ಎಂದು ಬರೆಯಿರಿ. ಅದರ ಕೆಳಗೆ ‘ಹೀಗೆ, ಕೇಳಿ, ಕೋಟಿ’. ಮೇಲಿನ ಸಾಲಿನ ಜೋಡಿ ಒತ್ತು ಕೆಳಗಿನ ಸಾಲಿನ ಗುಡಿಸಿಗೆ, ಏತ್ವಕ್ಕೆ ತಗಲಿದರೆ ಸಾಲುಗಳ ಅಂತರ ಸಾಲದು. ಅಕ್ಷರ 11 ಪಾಯಿಂಟ್ ಇದ್ದರೆ ಸಾಲಿನ ಅಂತರ 16 ಇಟ್ಟು ಶುರುಮಾಡಿ. ಫಾಂಟ್ ನೋಡಿಕೊಂಡು ಒಂದು ಪಾಯಿಂಟ್ ಆಚೀಚೆ ಮಾಡಬಹುದು. ಓದುಗರಲ್ಲಿ ವಯಸ್ಸಾದವರು ಹೆಚ್ಚಿದ್ದರೆ ಅಕ್ಷರ 12 ಮಾಡಿ, ಒಂದು ಲೇಖನ ಬಿಟ್ಟರೂ ಅಡ್ಡಿಯಿಲ್ಲ.

ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ ಫಾಂಟ್‌ಗಳು ಪಠ್ಯಕ್ಕೆ ಒಪ್ಪುತ್ತವೆ. ಅನೇಕ್ ಕನ್ನಡ, ಬಲೂ ತಮ್ಮ ಶೀರ್ಷಿಕೆಗೆ. ನಾಲ್ಕೂ ಉಚಿತ. ಒಂದು ಸಂಚಿಕೆಗೆ ಎರಡು ಫಾಂಟ್ ಧಾರಾಳ. ಇನ್‌ಡಿಸೈನ್ ಸಾಫ್ಟ್‌ವೇರಿನಲ್ಲಿ ಪುಟ ಕಟ್ಟುವವರು ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಲೇಖಕರು ಹಳೆಯ ‘ನುಡಿ’ ಸಾಫ್ಟ್‌ವೇರಿನಲ್ಲಿ ಬರೆದು ಕಳಿಸಿದ್ದನ್ನು ಯೂನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ‘ಫೇಸ್‌ಬುಕ್’ನಂಥ ಪದಗಳನ್ನೂ ಒಂದೊಂದಾಗಿ ನೋಡಿ. ಎರಡನೆಯದು ‘ಫೇಸ್ಬುಕ್’ ಆಗಿ ಕುಳಿತಿರುತ್ತದೆ.

ಇಂಗ್ಲಿಷ್ ಪುಟದ ಮೂರು ಚಂದಗಳನ್ನು ಇಲ್ಲಿ ಮರೆಯಿರಿ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವುದು ಒಂದು. ಒತ್ತು ತನ್ನ ಮೂಲಾಕ್ಷರ ಬಿಟ್ಟು ದೂರ ಸರಿಯುತ್ತದೆ. ಅಕ್ಷರವನ್ನು ವಾಲಿಸುವುದು ಇನ್ನೊಂದು. ನಮ್ಮ ದುಂಡು ಲಿಪಿ ವಾಲಿದರೆ ಬಿದ್ದಂತೆ ಕಾಣುತ್ತದೆ, ಎದ್ದು ಕಾಣಬೇಕಾದ ಮಾತನ್ನು ದಪ್ಪ ಮಾಡಿದರೆ ಸಾಕು. ಮೂರನೆಯದು, ಲೇಖನದ ಮೊದಲ ಅಕ್ಷರವನ್ನು ಮೂರು ಸಾಲಿನಷ್ಟು ದೊಡ್ಡದು ಮಾಡುವುದು. ‘ಸ್ವಾತಂತ್ರ್ಯ’ ಎಂದು ಶುರುವಾದರೆ ದೊಡ್ಡ ‘ಸ್ವಾ’ದ ಒತ್ತು ನಾಲ್ಕನೇ ಸಾಲಿಗೆ ಹೋಗಿ ಕೂರುತ್ತದೆ. ಹಾಗೆ ಮಾಡಲೇಬೇಕೆಂದರೆ ‘ಅ’, ‘ನ’ದಂಥ ಒತ್ತಿಲ್ಲದ ಅಕ್ಷರದಿಂದ ಶುರುಮಾಡಲು ಲೇಖಕರನ್ನು ಕೇಳಿಕೊಳ್ಳಿ. ನಾನು ಕೇಳಿದ್ದೇನೆ, ಅವರು ಸಂತೋಷದಿಂದಲೇ ಬದಲಿಸಿದ್ದಾರೆ.

ಶೀರ್ಷಿಕೆ, ಚಿತ್ರ

ಪುಟಕ್ಕೆ ಒಂದೇ ದೊಡ್ಡ ಚಿತ್ರ ಇರಲಿ. ಸಮ ಗಾತ್ರದ ಆರು ಫೋಟೊ ಜೋಡಿಸಿದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಚಿತ್ರದಲ್ಲಿರುವವರ ನೋಟ ಲೇಖನದ ಕಡೆಗಿರಲಿ, ಪುಟದ ಆಚೆಗಲ್ಲ. ಶೀರ್ಷಿಕೆಯ ಕೆಳಗೆ ಚಿತ್ರವಿದ್ದರೆ ಅಳತೆ ತೆಗೆಯುವುದು ಮೂಲಾಕ್ಷರದ ಬುಡದಿಂದಲ್ಲ, ಒತ್ತಕ್ಷರದ ಬುಡದಿಂದ. ಆ ಸ್ಮರಣ ಸಂಚಿಕೆಯಲ್ಲಿ ನಾನು ತಪ್ಪಿದ್ದು ಇಲ್ಲೇ.

ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. 1200 ಪಿಕ್ಸೆಲ್ ಅಗಲದ ಫೋಟೊ ಸುಮಾರು 10 ಸೆಂ.ಮೀ.ವರೆಗೆ ತಡೆಯುತ್ತದೆ, ಅದಕ್ಕಿಂತ ಹಿಗ್ಗಿಸಿದರೆ ಮಸುಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಅಚ್ಚಿಗೆ ಕೊಡುವ ಮುನ್ನ

ಪುಟದ ಅಂಚಿನವರೆಗೂ ಹೋಗುವ ಬಣ್ಣ, ಚಿತ್ರವನ್ನು ಸುತ್ತ 3 ಮಿ.ಮೀ. ಹೊರಗೆ ಚಾಚಿ, ಕತ್ತರಿಸುವಾಗ ಬಿಳಿ ಗೆರೆ ಉಳಿಯದು. ಪಠ್ಯದ ಕಪ್ಪು ಬರೀ ಕಪ್ಪು ಶಾಯಿಯದ್ದಾಗಿರಲಿ. ನಾಲ್ಕು ಬಣ್ಣ ಬೆರೆಸಿದ ಕಪ್ಪಾದರೆ ಯಂತ್ರದಲ್ಲಿ ಕೂದಲೆಳೆಯಷ್ಟು ಸರಿದರೂ ಸಾಕು, ಸಣ್ಣ ಒತ್ತಕ್ಷರಗಳ ಹೊಟ್ಟೆ ತುಂಬಿಹೋಗುತ್ತದೆ.

ಕೊನೆಗೆ ಪಿಡಿಎಫ್ ಮಾಡಿ, ಎಲ್ಲ ಪುಟಗಳನ್ನೂ ನಿಜ ಗಾತ್ರದಲ್ಲಿ ಕಾಗದದ ಮೇಲೆ ತೆಗೆಯಿರಿ. ತೆರೆಯಲ್ಲಿ ಕಾಣದ್ದು ಕಾಗದದಲ್ಲಿ ಕಾಣುತ್ತದೆ. ಕರಡು ತಿದ್ದುವವರು ಪಠ್ಯ ನೋಡುತ್ತಾರೆ. ನೀವು ಶೀರ್ಷಿಕೆಗಳನ್ನು ನೋಡಿ. ಒಂದೊಂದು ಶೀರ್ಷಿಕೆಯ ಕೆಳಗೂ ಬೆರಳು ಎಳೆಯುತ್ತ, ಒತ್ತಕ್ಷರಗಳನ್ನು ಎಣಿಸುತ್ತ ಬನ್ನಿ. ಮೂವತ್ತೆರಡು ಪುಟಗಳ ಪತ್ರಿಕೆಗೆ ಅರ್ಧ ಗಂಟೆ ಸಾಕು.